ಸುಲಭದ ಕೋಲು

ಬೆಳಗಿನಿಂದಲೂ ನೀಲಾಂಬಿಕಾಳ ಕಣ್ಣು ಗಂಡನ ಎಡಗೈ ಹೆಬ್ಬೆರಳಿನ ಮೇಲೆಯೇ ಇತ್ತು. ಬೊಮ್ಮನಹಳ್ಳಿಯ ಮನೆಯಿಂದ ಆನೇಕಲ್ ಕಡೆಯ ಗಾಲ್ಫ್ ಕ್ಲಬ್ಬಿನವರೆಗೆ ವಸಂತ್ ಕಾರು ಓಡಿಸಿದಷ್ಟು ಹೊತ್ತೂ ಅದು ಸ್ಟಿಯರಿಂಗಿನ ಮೇಲೆ ಸುಮ್ಮನೆ ಮಲಗಿತ್ತು. ಉಳಿದ ನಾಲ್ಕು ಬೆರಳುಗಳೇ ದುಡಿಯುತ್ತಿದ್ದವು. ಅದರ ಮೇಲಿನ ಗೆಣ್ಣು ಮಡಚುವುದಿಲ್ಲ, ಉಗುರು ಒಂದು ಕಡೆಗೆ ತಿರುಚಿಕೊಂಡು ಬೆಳೆಯುತ್ತದೆ. ಆ ಉಗುರನ್ನು ಕತ್ತರಿಸುವುದು ಮೊದಲಿನಿಂದಲೂ ಅವಳ ಕೆಲಸ. ಭಾನುವಾರ ಸ್ನಾನವಾದ ಮೇಲೆ ಅವನು ಪೇಪರ್ ಓದುತ್ತ ಕೈಯನ್ನು ಅವಳ ಮಡಿಲಿಗೆ ಹಾಕಿ ಕೂತುಬಿಡುತ್ತಾನೆ. ಹೊರಗಿನವರ ಎದುರು ಮಾತ್ರ ಆ ಬೆರಳನ್ನು ತೋರಿಸುವವನಲ್ಲ. ಕೈಕುಲುಕುವಾಗ, ಫೋಟೋ ತೆಗೆಸಿಕೊಳ್ಳುವಾಗ ಅದು ಎಲ್ಲೋ ಅಡಗಿಬಿಡುತ್ತದೆ. ಅವನು ಗಾಲ್ಫನ್ನು ಇಷ್ಟೊಂದು ಹಚ್ಚಿಕೊಂಡಿದ್ದಕ್ಕೆ ಎಡಗೈಗೆ ಹಾಕುವ ಆ ಬಿಳಿ ಗವಸೂ ಒಂದು ಕಾರಣವಿರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಇವತ್ತೂ ಕಾರಿನಿಂದ ಇಳಿಯುವ ಮೊದಲೇ ಅವನು ಹೆಬ್ಬೆರಳನ್ನು ಬಲಗೈಯಿಂದ ಹಿಡಿದು ಗವಸಿನೊಳಗೆ ತೂರಿಸಿಕೊಂಡ. ಬಾರಪ್ಪ ಬಾ, ನಿನ್ನಿಂದಲೇ ಇವತ್ತು ನನ್ನ ಕೆಲಸ ಆಗಬೇಕು ಎಂದು ಅವಳು ಆ ಬೆರಳಿಗೆ ಮನಸ್ಸಿನಲ್ಲೇ ಹೇಳಿದಳು. ಹೇಳಿ ಬೆಚ್ಚಿದಳು. ಬೆಚ್ಚಿದರೂ ಖುಷಿ ಕಮ್ಮಿಯಾಗಲಿಲ್ಲ.

ಅವತ್ತು ಕ್ಲಬ್ಬಿನಲ್ಲಿ ಗಂಡ ಹೆಂಡಿರ ಪಂದ್ಯ. ಒಂಬತ್ತು ಕುಳಿಗಳ ಆಟ, ಜೋಡಿಗೆ ಒಂದೇ ಚೆಂಡು. ಗಂಡ ಹೊಡೆದದ್ದು ಎಲ್ಲಿ ಬಿದ್ದಿದೆಯೋ ಅಲ್ಲಿಂದ ಹೆಂಡತಿ ಹೊಡೆಯಬೇಕು, ಅವಳು ಎಲ್ಲಿಗೆ ಕಳಿಸಿದಳೋ ಅಲ್ಲಿಂದ ಮತ್ತೆ ಗಂಡ. ಹುಲ್ಲಿಗೆ ಬಿದ್ದರೂ ಮರಳಿನಲ್ಲಿ ಹೂತರೂ ಹೀಗೇ ಸರದಿ. ಒಂದು ಕುಳಿಗೆ ಮೊದಲ ಏಟು ಗಂಡನದಾದರೆ ಮುಂದಿನದಕ್ಕೆ ಹೆಂಡತಿಯದು. ಎಲ್ಲರಿಗಿಂತ ಕಡಿಮೆ ಏಟುಗಳಲ್ಲಿ ಮುಗಿಸಿದವರಿಗೆ ಬೆಳ್ಳಿಯ ಕಪ್. ಈ ನಿಯಮವನ್ನು ವಸಂತ್ ಫೋನಿನಲ್ಲಿ ಓದಿ ಹೇಳಿದ ದಿನ ಅವಳು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಒಬ್ಬಳೇ ನಕ್ಕಿದ್ದಳು. ಅವನಿಗೋ ಕ್ಲಬ್ಬಿನ ಮುಂದಿನ ಕ್ಯಾಪ್ಟನ್ ಆಗುವ ಆಸೆ. ಅದಕ್ಕೆ ಸರಿಯಾಗಿ ಅವರ ಜೊತೆ ಆಡಲು ಬಿದ್ದದ್ದು ಭಾನುಪ್ರಕಾಶ್ ಮತ್ತು ಶಾಂಭವಿ ದಂಪತಿ. ಭಾನುಪ್ರಕಾಶ್ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರಲ್ಲಿ ಖರೀದಿ ವಿಭಾಗದ ಮುಖ್ಯಸ್ಥ, ವಸಂತನ ಫ್ಯಾಕ್ಟರಿಯ ಮಾಲಿನಲ್ಲಿ ಅರ್ಧ ಹೋಗುವುದು ಅವನಿಗೇ. "ಇವತ್ತು ಬಿಡ್ಬಾರ್ದು ನೀಲಾ," ಎಂದು ವಸಂತ್ ದಾರಿಯುದ್ದಕ್ಕೂ ಹೇಳಿದ್ದ. "ನೀನು ಜಾಸ್ತಿ ಏನೂ ಮಾಡೋಕ್ ಹೋಗ್ಬೇಡ. ತಲೆ ಕೆಳಗೆ ಇಟ್ಕೊಂಡು ಬಾಲನ್ನ ಮುಂದಕ್ಕೆ ತಳ್ಳು ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ." ಅವಳು ಆಯ್ತು ರೀ ಎಂದಿದ್ದಳು. ಅಷ್ಟು ಮನಃಪೂರ್ವಕವಾಗಿ ಅವಳು ಅವನ ಮಾತಿಗೆ ಒಪ್ಪಿದ್ದು ಎಷ್ಟೋ ದಿನದ ಮೇಲೆ.

ಮೊದಲ ಕುಳಿಯ ಹತ್ತಿರ ಭಾನುಪ್ರಕಾಶ್ ಅವಳ ಚೀಲದಲ್ಲಿ ಇಣುಕಿದ. ದಪ್ಪ ತಲೆಯ ಕೋಲುಗಳು, ಒಂದೊಂದಕ್ಕೂ ಕಾಲುಚೀಲದಂಥ ಮುಸುಕು. "ಏನ್ ಮೇಡಂ, ಸೆವೆನ್ ವುಡ್, ಹೈಬ್ರಿಡ್ಡು, ಎಲ್ಲಾ ಸೇರ್ಸಿದೀರ? ನಂಗೂ ನಮ್ ಹುಡುಗ್ರು ಒಂದು ಹೈಬ್ರಿಡ್ ಕೊಡ್ಸಿದಾರೆ. ಸಕ್ಕತ್ತಾಗಿ ಹೋಗತ್ತೆ ಕಣ್ರೀ. ಆದ್ರೆ ನಾಚ್ಕೆ ಆಗಿ ಕಾರ್ ಡಿಕ್ಕೀಲೇ ಬಿಟ್ಟಿದೀನಿ." ಶಾಂಭವಿ ಬಿಸಿಲಿಗೆ ಟೋಪಿ ಎಳೆದುಕೊಳ್ಳುತ್ತ, "ನಾಚ್ಕೆ ಅಂತೆ. ಉದ್ದದ ಐರನ್ ಹಿಡ್ಕೊಂಡು ನೆಲ ಅಗೀತಾರಲ್ಲ, ಅದಕ್ಕೆ ನಾಚ್ಕೆ ಇಲ್ಲ ಇವ್ರಿಗೆ," ಎಂದಳು. ವಸಂತ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಚೀಲದಲ್ಲಿ ಮೂರನೇ ನಂಬರಿನ ಐರನ್ ಕೋಲು ಇತ್ತು; ಕತ್ತಿಯಂತೆ ತೆಳ್ಳನೆಯದು, ಹೊಡೆಯಲು ಕಷ್ಟದ್ದು, ಅದಕ್ಕೇ ಅವನಿಗೆ ಪ್ರಿಯವಾದದ್ದು. ಹತ್ತು ಸಲ ಹೊಡೆದರೆ ಒಂದು ಸಲ ಸರಿಯಾಗಿ ಹೋಗುತ್ತಿತ್ತು, ಆ ಒಂದನ್ನು ಅವನು ವಾರವಿಡೀ ಹೇಳಿಕೊಳ್ಳುತ್ತಿದ್ದ. "ಅವಳದ್ದು ಸುಲಭದ್ದು ಸಾರ್," ಎಂದ. "ಕಣ್ ಮುಚ್ಕೊಂಡು ಹೊಡುದ್ರೂ ಬಾಲ್ ತಾನೇ ಮೇಲೇಳತ್ತೆ. ಕಷ್ಟಪಡೋದು ಬೇಡ ಅಂತ ನಾನೇ ಕೊಡ್ಸಿದ್ದು. ರಿಟೈರ್ಮೆಂಟ್ ಗಿಫ್ಟು."

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಮೂಗಿಗೆ ಪನೀರ್ ಸುಟ್ಟ ವಾಸನೆ ಬರುತ್ತದೆ. ಹೋಟೆಲಿನ ಆ ಪಾರ್ಟಿ ಹಾಲ್, ಗಿರಾಕಿಗಳು, ಡೀಲರುಗಳು, ಅವರ ಹೆಂಡತಿಯರು. ಜಿಗಣಿಯಲ್ಲಿ ಹೊಸ ಫ್ಯಾಕ್ಟರಿ ಕಟ್ಟಿದ ಸಂತೋಷಕ್ಕೆ ವಸಂತ್ ಕರೆದಿದ್ದ ಊಟ. ಅವಳು ಹಲ್ಲುಕಡ್ಡಿಗೆ ಒಂದು ಪನೀರ್ ತುಂಡು ಚುಚ್ಚಿಕೊಂಡು ಯಾರದೋ ಮಗಳ ಮದುವೆಯ ಸುದ್ದಿ ಕೇಳುತ್ತಿದ್ದಳು. ಅವನು ಮೈಕ್ ಹಿಡಿದು ಹೇಳಿದ: ನಮ್ಮ ನೀಲಾಂಬಿಕಾ ಮೇಡಂ ದುಡಿದು ದುಡಿದು ಸುಸ್ತಾಗಿದಾರೆ, ಇನ್ಮೇಲೆ ರೆಸ್ಟು, ಹೊಸ ಫ್ಯಾಕ್ಟರಿಯ ಗೇಜ್ ರೂಮನ್ನ ನಮ್ಮಣ್ಣನ ಮಗಳು ಸ್ಫೂರ್ತಿ ನೋಡ್ಕೋತಾಳೆ. ಅವಳಿಗೆ ಅದು ಗೊತ್ತಾದದ್ದೂ ಆಗಲೇ, ಅಲ್ಲಿದ್ದ ಬಡಿಸುವವರಿಗೆ ಗೊತ್ತಾದ ಕ್ಷಣದಲ್ಲೇ. ಪೀಣ್ಯದ ಶೀಟ್ ಹೊದೆಸಿದ ಶೆಡ್ಡಿನಲ್ಲಿ ಇಬ್ಬರೇ ಶುರು ಮಾಡಿದಾಗಿನಿಂದ ಗೇಜಿನ ಕೆಲಸ ಅವಳದು. ಗೇಜ್ ಎಂದರೆ ಅಳತೆಯ ಉಕ್ಕಿನ ತುಂಡು: ಅದರ ಒಂದು ತುದಿ ತಯಾರಾದ ಬಿಡಿಭಾಗದ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋಗುತ್ತೆ, ಹೋಗಲ್ಲ. ಈ ಎರಡರ ನಡುವಿನ ಕೂದಲೆಳೆಯಲ್ಲಿ ಅವಳು ತನ್ನ ಪ್ರಾಯವನ್ನೆಲ್ಲ ಕಳೆದಿದ್ದಳು. ವಸಂತ್ ಮೈಕ್ ಕೆಳಗಿಟ್ಟು ಬಣ್ಣದ ಕಾಗದ ಸುತ್ತಿದ ಉದ್ದನೆಯ ಪೊಟ್ಟಣ ಕೊಟ್ಟ. "ಸುಲಭದ್ದು, ನಿಂಗೇ ಅಂತ ಹುಡುಕಿ ತಂದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಇವತ್ತಿಗೂ ಮೈ ಉರಿಯುವುದು ಅವನು ಹೇಳಿದ್ದಕ್ಕಲ್ಲ. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದ್ದಳು. ಹಲ್ಲುಕಡ್ಡಿ ಬೆರಳ ಸಂದಿಯಲ್ಲಿ ಹಾಗೇ ಇತ್ತು.

"ತಲೆ ಕೆಳಗೆ ನೀಲಾ!" ಎಂದು ವಸಂತ್ ಹಿಂದಿನಿಂದ ಕೂಗಿದ. ಅವನ ಮೊದಲ ಏಟು ಚೆನ್ನಾಗಿಯೇ ಹೋಗಿತ್ತು. ಪೂರ್ತಿ ಬಲ ಹಾಕಿ ಬೀಸುವ ಏಟಿಗೆ ಹೆಬ್ಬೆರಳು ಅಷ್ಟಾಗಿ ಬೇಕಾಗುವುದಿಲ್ಲ. ಈಗ ಅವಳ ಸರದಿ. ಮುಂದೆ ಹುಲ್ಲಿನ ದಾರಿ, ಅದರ ಕೊನೆಯಲ್ಲಿ ಮರಳಿನ ಗುಂಡಿ, ಅದರ ಆಚೆಗೇ ಕುಳಿಯಲ್ಲಿ ನೆಟ್ಟ ಬಾವುಟ. ಹೈಬ್ರಿಡ್ಡನ್ನು ಭುಜದವರೆಗೆ ಎತ್ತಿದರೆ ಚೆಂಡು ಬಾವುಟದ ಹತ್ತಿರ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎದೆಯವರೆಗೆ ಮಾತ್ರ ಎತ್ತಿದಳು. ಚೆಂಡು ತಗ್ಗಾಗಿ ಹಾರಿ, ಎರಡು ಸಲ ಪುಟಿದು, ಮರಳಿನ ಗುಂಡಿಗಿಂತ ಈಚೆಗೆ ನುಣ್ಣನೆಯ ಹುಲ್ಲಿನ ಮೇಲೆ ನಿಂತಿತು. "ಗುಡ್ ಶಾಟ್ ಮೇಡಂ!" ಎಂದ ಭಾನುಪ್ರಕಾಶ್. "ಸೂಪರ್ ನೀಲಾ, ಇನ್ನು ನಂದು," ಎಂದು ವಸಂತ್ ಅವಳ ಬೆನ್ನು ತಟ್ಟಿ ಹೋದ. ಅಲ್ಲಿಂದ ಬಾವುಟಕ್ಕೆ ಬೇಕಾದದ್ದು ಅರ್ಧ ಏಟು, ಬಲವಲ್ಲ, ಹದ. ಕೋಲಿನ ಹಿಡಿಯ ಮೇಲೆ ಎಡಗೈ ಹೆಬ್ಬೆರಳು ಒರಗಿ ಅದರ ಭಾರವನ್ನು ತೂಗಬೇಕು. ವಸಂತ್ ಎರಡು ಸಲ ಗಾಳಿಯಲ್ಲಿ ಬೀಸಿ ನೋಡಿದ, ಕಾಲು ಸರಿಮಾಡಿಕೊಂಡ, ಹೊಡೆದ. ಕೋಲು ಕೈಯಲ್ಲಿ ತಿರುಗಿತು. ಚೆಂಡು ಮೊಣಕಾಲೆತ್ತರಕ್ಕೆ ಹಾರಿ ಮರಳಿನಲ್ಲಿ ಹೂತುಕೊಂಡಿತು. ಅವಳು ಕೋಲು ಬದಲಿಸಿಕೊಂಡು ಮರಳಿನ ಕಡೆ ನಡೆದಳು.

ಹೀಗೆ ಅಳೆದು ಹೊಡೆಯುವುದನ್ನು ಅವಳು ಯಾರಿಂದಲೂ ಹೇಳಿಸಿಕೊಂಡು ಕಲಿತದ್ದಲ್ಲ. ರೆಸ್ಟು ಸಿಕ್ಕ ಮೇಲೆ, ವಸಂತ್ ಜಿಗಣಿಗೆ ಹೊರಟ ಬೆನ್ನಿಗೇ ಮನೆ ಎಂಬುದು ಬಾಯಿ ತೆರೆದುಕೊಂಡು ಕೂರುತ್ತಿತ್ತು. ಒಂದು ದಿನ ಆ ಪೊಟ್ಟಣವನ್ನು ಕಾರಿಗೆ ಹಾಕಿಕೊಂಡು ಸರ್ಜಾಪುರದ ಕಡೆ, ಮಾರಾಟವಾಗದ ಸೈಟುಗಳ ಹಿಂದಿನ ಒಂದು ಗಾಲ್ಫ್ ಅಭ್ಯಾಸದ ಬಯಲಿಗೆ ಹೋದಳು. ಆಡಲು ಅಲ್ಲ, ಆ ಕೋಲುಗಳನ್ನು ನೆಲಕ್ಕೆ ಬಡಿದು ಮುರಿಯಲು. ಸೆವೆನ್ ವುಡ್ಡನ್ನು ಎತ್ತಿ ಸಿಟ್ಟಿನಿಂದ ಬೀಸಿದಾಗ ಅದರ ಅಗಲ ತಳ ನೆಲಕ್ಕೆ ಕಚ್ಚಿಕೊಳ್ಳದೆ ಹುಲ್ಲಿನ ಮೇಲೆ ಜಾರಿತು. ಎದುರಿಗಿದ್ದ ಚೆಂಡು ಟಪ್ಪೆಂದು ಎದ್ದು ತೆಂಗಿನ ಮರದೆತ್ತರಕ್ಕೆ ಹೋಗಿ ದೂರದಲ್ಲಿ ಬಿತ್ತು. ಅವಳಿಗೆ ಅಳು ಬಂತು. ಅದು ನಿಜಕ್ಕೂ ಸುಲಭದ್ದಾಗಿತ್ತು. ಅವನ ಮಾತು ಸುಳ್ಳಾಗಿದ್ದರಾದರೂ ಸಮಾಧಾನವಿತ್ತು. ಪಕ್ಕದಲ್ಲಿ ವೈಟ್‌ಫೀಲ್ಡಿನ ಯಾರೋ ಕಂಪ್ಯೂಟರಿನವರು ಐರನ್ನುಗಳಿಂದ ಹುಲ್ಲು ಕಿತ್ತು ಬೈದುಕೊಳ್ಳುತ್ತಿದ್ದರು. ಒಬ್ಬಾತ ಅವಳ ಕೋಲು ನೋಡಿ, "ಆಂಟಿ, ಅದ್ರಲ್ಲಿ ಆಡೋದು ಚೀಟಿಂಗ್ ಅಲ್ವಾ?" ಎಂದು ನಕ್ಕಿದ್ದ. ಅವಳು ಮಾರನೆಯ ದಿನವೂ ಹೋದಳು. ಮೇಲೆಬ್ಬಿಸುವ ಕಷ್ಟವನ್ನು ಕೋಲೇ ಹೊತ್ತುಕೊಂಡರೆ ಉಳಿಯುವುದು ಎಷ್ಟು ದೂರ, ಯಾವ ಕಡೆ ಎಂಬ ಅಳತೆ ಮಾತ್ರ, ಮತ್ತು ಅಳತೆ ಅವಳ ಕಸುಬು. ಸೊಂಟದವರೆಗೆ ಎತ್ತಿದರೆ ಎಲ್ಲಿ, ಎದೆಯವರೆಗೆ ಎತ್ತಿದರೆ ಎಲ್ಲಿ, ಭುಜದವರೆಗೆ ಎತ್ತಿದರೆ ಎಲ್ಲಿ. ಬಯಲಿನ ನಡುವೆ ಬಿದ್ದಿದ್ದ ಲಾರಿ ಟೈರಿಗೆ ಗುರಿಯಿಟ್ಟು ಹೊಡೆಯುತ್ತ, ಹೋಗುತ್ತೆ, ಹೋಗಲ್ಲ ಎಂದು ಹೇಳಿಕೊಳ್ಳುತ್ತ ಒಂದು ಮಳೆಗಾಲ ಕಳೆದಳು. ಆಮೇಲೆ ಚೆಂಡು ಟೈರಿನೊಳಗೆ ಬಿದ್ದಾಗ ಆಶ್ಚರ್ಯವಾಗುವುದು ನಿಂತುಹೋಯಿತು. ಶನಿವಾರಗಳಲ್ಲಿ ವಸಂತನ ಜೊತೆ ಆಡುವಾಗ ಮಾತ್ರ ಬೇಕೆಂದೇ ಚೆಂಡಿನ ನೆತ್ತಿಗೆ ಹೊಡೆದು ಹತ್ತು ಮಾರು ಉರುಳಿಸುತ್ತಿದ್ದಳು. ಅವನು ತಲೆ ಕೆಳಗೆ ಎನ್ನುತ್ತಿದ್ದ, ಅವಳು ಸಾರಿ ರೀ ಎನ್ನುತ್ತಿದ್ದಳು.

ಎರಡನೆಯದು, ಮೂರನೆಯದು, ಎಲ್ಲ ಹಾಗೆಯೇ ನಡೆಯಿತು. ಅವಳು ಹೊಡೆದದ್ದು ಪ್ರತಿ ಸಲವೂ ಕಣ್ಣಿಗೆ ಚೆಂದ ಕಾಣುವ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು, ಪ್ರತಿ ಸಲವೂ ಅಲ್ಲಿಂದ ಬೇಕಾಗುತ್ತಿದ್ದದ್ದು ಅರ್ಧ ಏಟು. ಅವನು ಕೆಡಿಸಿದ್ದನ್ನು ಅವಳೇ ಹೇಗೋ ಎತ್ತಿ ಕುಳಿಯ ಹತ್ತಿರ ತರುತ್ತಿದ್ದಳು. ಪಂದ್ಯ ಕೈಬಿಟ್ಟು ಹೋದರೆ ಅವನು ಆಸೆಯನ್ನೂ ಬಿಟ್ಟುಬಿಡುತ್ತಾನೆ, ಅದು ಆಗಕೂಡದು. ವಸಂತ್ ಮೊದಲು ಹುಲ್ಲನ್ನು ಬೈದ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರದ ಸದ್ದನ್ನು. ಆಮೇಲೆ ಗವಸು ಕಳಚಿ ಬೆವರು ಒರೆಸಿಕೊಂಡು, ಭಾನುಪ್ರಕಾಶ್ ನೋಡುತ್ತಿದ್ದಾನೆಂದು ಅರಿವಾಗಿ ಬೇಗಬೇಗ ಮತ್ತೆ ತೊಟ್ಟುಕೊಂಡ. ಹಾಗೆ ತೊಡುವಾಗ ಬೆರಳು ಗವಸಿನ ಅಂಚಿಗೆ ಸಿಕ್ಕಿ ಅವನು ತುಟಿ ಕಚ್ಚಿದ. ಅವಳಿಗೆ ಪೀಣ್ಯದ ಶೆಡ್ಡಿನ ಆ ಮಧ್ಯಾಹ್ನ ಕಣ್ಣೆದುರು ಬಂತು, ಬರಬಾರದೆಂದು ಎಷ್ಟು ತಡೆದರೂ. ಆಗ ತಗಡು ಕತ್ತರಿಸುವ ಪವರ್ ಪ್ರೆಸ್ಸಿನಲ್ಲಿ ಕೂರುತ್ತಿದ್ದವಳು ಅವಳು. ಅವತ್ತು ಜ್ವರ ಬಂದು ಅಲ್ಲೇ ಗೋಣಿಚೀಲದ ಮೇಲೆ ಮಲಗಿದ್ದಳು, ನೀನು ಏಳಬೇಡ ಎಂದು ಅವಳ ಸ್ಟೂಲಿನಲ್ಲಿ ಅವನು ಕೂತ. ಸದ್ದು ಕೇಳಿ ಅವಳು ಎದ್ದಾಗ ಅವನು ಕೈಯನ್ನು ಕರ್ಚೀಫಿನಲ್ಲಿ ಸುತ್ತಿ ಹಿಡಿದು, ಬಿಳಿಚಿಕೊಂಡ ಮುಖದಲ್ಲಿ ನಗುತ್ತಿದ್ದ. "ನಿಂಗಾಗ್ಲಿಲ್ಲವಲ್ಲ, ಬಿಡು." ಆಮೇಲೆ ಇಷ್ಟು ವರ್ಷದಲ್ಲಿ, ಎಂಥ ಜಗಳದಲ್ಲೂ, ನಿನಗಾಗಿ ಬೆರಳು ಹಾಳುಮಾಡಿಕೊಂಡೆ ಎಂದು ಅವನು ಒಂದು ಸಲವೂ ಎತ್ತಾಡಿದವನಲ್ಲ. ಎತ್ತಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಇವತ್ತು ಅವಳ ಕೆಲಸ ಎಷ್ಟು ಹಗುರವಾಗುತ್ತಿತ್ತು. ತಾನು ಹೇಸಿಗೆ ಹೆಂಗಸು ಎಂದು ಅವಳಿಗೆ ಅನ್ನಿಸಿತು. ಗಂಡನ ಮೈಯಲ್ಲಿ ತನಗೊಬ್ಬಳಿಗೇ ಗೊತ್ತಿರುವ ನೋವಿನ ಜಾಗ ಹುಡುಕಿ ಅಲ್ಲಿಗೇ ಹೊಡೆಯುವುದು!

ನಾಲ್ಕನೆಯದರಲ್ಲಿ ಅವಳು ಕರುಣೆಗೆ ಸೋತಳು. ಮೊದಲ ಏಟು ಅವಳದು. ಬೇಕೆಂದೇ ದೂರ ಉಳಿಸಿ, ಅವನು ಪೂರ್ತಿ ಬಲದಿಂದ ಬೀಸಬಹುದಾದ ಜಾಗದಲ್ಲಿ ಚೆಂಡು ನಿಲ್ಲಿಸಿಕೊಟ್ಟಳು. ವಸಂತ್ ತನ್ನ ಮೂರನೇ ನಂಬರಿನ ಐರನ್ ತೆಗೆದ. ಹತ್ತರಲ್ಲಿ ಒಂದು ಸಲ ಆಗುವುದು ಆಗಲೇ ಆಯಿತು: ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗಿ ಬಾವುಟದ ಪಕ್ಕದಲ್ಲಿ ಕೂತಿತು. ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೂ ಒಂದು ಗಳಿಗೆ ಸಂತೋಷವಾಯಿತು, ಸಾಕು ಇನ್ನು, ನಿಲ್ಲಿಸಿಬಿಡೋಣ ಎಂದುಕೊಂಡಳು. ಅಷ್ಟರಲ್ಲಿ ಅವನು ಭಾನುಪ್ರಕಾಶನ ಭುಜಕ್ಕೆ ಕೈಹಾಕಿ ನಡೆಯುತ್ತ, "ನೋಡಿದ್ರಾ ಸಾರ್? ಹೆಂಗಸ್ರ ಜೊತೆ ಆಡೋದು ಅಂದ್ರೆ ಇದೇ ಪಾಡು. ಅವ್ರು ಎಲ್ಲೋ ಬಿಡ್ತಾರೆ, ನಾವು ಕವರ್ ಮಾಡ್ಬೇಕು. ಮನೇಲೂ ಅಷ್ಟೇ, ಫ್ಯಾಕ್ಟರೀಲೂ ಅಷ್ಟೇ," ಎಂದ. ಹಿಂದೆ ಬರುತ್ತಿದ್ದವಳಿಗೆ ಕೇಳಿಸಲಿ ಎಂದು ಹೇಳಿದ್ದಲ್ಲ, ಕೇಳಿಸಬಾರದು ಎಂದೂ ಅಲ್ಲ. ಅವಳಿಗೆ ಕೇಳಿಸುತ್ತದೆ ಎಂಬುದೇ ಅವನ ಗಮನದಲ್ಲಿರಲಿಲ್ಲ. ಫ್ಯಾಕ್ಟರೀಲೂ ಅಷ್ಟೇ. ಅವಳು ಹೈಬ್ರಿಡ್ಡಿನ ಮುಸುಕನ್ನು ಎಷ್ಟು ಜೋರಾಗಿ ಎಳೆದಳೆಂದರೆ ಅದರ ಹೊಲಿಗೆ ಬಿಟ್ಟಿತು.

ಕುಡಿಯುವ ನೀರಿನ ಹತ್ತಿರ ಶಾಂಭವಿ ಸಿಕ್ಕಿದಳು. ಗಂಡಸರಿಬ್ಬರೂ ಮುಂದೆ ಹೋಗಿದ್ದರು. ಶಾಂಭವಿ ಲೋಟ ತುಂಬಿಸಿ ಕೊಡುತ್ತ, ಅವಳ ಮುಖ ನೋಡದೆ, "ನೀಲಾಂಬಿಕಾ ಅವ್ರೇ, ನೀವು ಪ್ರತೀ ಸಲ ಅಷ್ಟೇ ದೂರ ಉಳಿಸ್ತೀರಲ್ಲ?" ಎಂದಳು. "ನನ್ ಕೈಗೆ ಅಷ್ಟೇ ಬರೋದು ಕಣ್ರೀ," ಎಂದಳು ನೀಲಾಂಬಿಕಾ. ಶಾಂಭವಿ ನೀರು ಕುಡಿದು ಮುಗಿಸುವ ತನಕ ಯೋಚಿಸಿದಳು. ಆಮೇಲೆ, "ಬರ್ಲಿ ಬಿಡಿ," ಎಂದು ಲೋಟ ಕವುಚಿಟ್ಟು ಹೊರಟಳು. ಯಾರೋ ಒಬ್ಬರಿಗೆ ತಿಳಿಯಿತಲ್ಲ ಎಂದು ನೀಲಾಂಬಿಕಾಳಿಗೆ ಕಾಲಿನಲ್ಲಿ ಬಲ ಬಂತು. ಮುಂದಿನ ನಾಲ್ಕು ಕುಳಿಗಳಲ್ಲಿ ಅವಳು ಎಲ್ಲೂ ಕರುಣೆ ತೋರಲಿಲ್ಲ.

ಅವತ್ತು ಗಾಳಿ ಜೋರು, ಯಾರೂ ಚೆನ್ನಾಗಿ ಆಡಿರಲಿಲ್ಲ. ಕೊನೆಯ ಕುಳಿಗೆ ಬರುವಾಗ ಭಾನುಪ್ರಕಾಶನ ಜೋಡಿ ಮತ್ತು ಇವರು ಸಮಸಮ. ಇಬ್ಬರಲ್ಲಿ ಯಾರು ಮುಂದಾದರೆ ಅವರಿಗೇ ಕಪ್. ಆಟ ಮುಗಿಸಿದವರೆಲ್ಲ ಕ್ಲಬ್ಬಿನ ಜಗುಲಿಯಲ್ಲಿ ದೋಸೆ ತಟ್ಟೆ ಹಿಡಿದು ನೋಡುತ್ತ ನಿಂತಿದ್ದರು. ಜಗುಲಿಯ ಮುಂದೆಯೇ ಕೊನೆಯ ಬಾವುಟ, ಅದರ ಈಚೆಗೆ ಚಿಕ್ಕ ಕೆರೆ. ಬಾವುಟವಿರುವ ಹುಲ್ಲುಹಾಸು ಮೇಲಿನಿಂದ ಕೆರೆಯ ಕಡೆಗೆ ಇಳಿಜಾರು, ಕುಳಿ ಇದ್ದದ್ದು ಕೆಳ ಅಂಚಿನ ಹತ್ತಿರ. ಭಾನುಪ್ರಕಾಶ್ ದಂಪತಿ ಐದು ಏಟಿಗೆ ಮುಗಿಸಿದರು. ವಸಂತನ ಮೊದಲ ಏಟು ಕೆರೆಯ ಈಚೆಗೆ ಬಂದು ನಿಂತಿತು. ಅವಳು ಸೆವೆನ್ ವುಡ್ ತೆಗೆಯುವಾಗ ಅವನು ಹತ್ತಿರ ಬಂದ. ಎಂದಿನಂತೆ ಬೆನ್ನ ಹಿಂದೆ ನಿಲ್ಲಲಿಲ್ಲ, ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ನೀಲಾ, ಆದ್ರೆ ಹತ್ರ ಹಾಕು. ಇವತ್ಯಾಕೋ ಕೈ ಹಿಡೀತಿಲ್ಲ," ಎಂದ. ಅವನ ಕೊರಳಿನ ಮೇಲೆ ಬೆವರು ಹರಿದು ಉಪ್ಪುಗಟ್ಟಿತ್ತು. ಹೀಗೆ ಅವನು ಅವಳನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು! ಈ ಮಾತನ್ನು ಅವನು ಮೈಕ್ ಹಿಡಿಯುವ ಮೊದಲು, ಮನೆಯಲ್ಲಿ, ಊಟದ ಮೇಜಿನಲ್ಲಿ ಕೇಳಿದ್ದರೆ ಅವಳು ಗೇಜ್ ರೂಮಿನ ಬೀಗದ ಕೈಯನ್ನು ತಾನಾಗಿಯೇ ಸ್ಫೂರ್ತಿಯ ಕೈಗೆ ಇಡುತ್ತಿದ್ದಳೋ ಏನೋ. ಹತ್ತಿರವೇ ಹಾಕುತ್ತೇನೆ ಎಂದುಕೊಂಡಳು. ಭುಜದಿಂದ ಮೇಲಕ್ಕೆ ಎತ್ತಿ ಬೀಸಿದಳು. ಚೆಂಡು ಕೆರೆಯ ಮೇಲೆ ಎತ್ತರಕ್ಕೆ ಹೋಗಿ, ಕುಳಿಯನ್ನು ದಾಟಿ, ಇಳಿಜಾರಿನ ಮೇಲ್ಭಾಗದಲ್ಲಿ ಬಿದ್ದು, ಕುಳಿಯಿಂದ ಒಂದೇ ಮಾರು ದೂರದಲ್ಲಿ ನಿಂತಿತು. ಜಗುಲಿಯಿಂದ ಹೋ ಎಂದು ಕೂಗು ಎದ್ದಿತು. ಅವಳು ಬೇಕೆಂದ ಜಾಗ ಅದೇ. ಅಲ್ಲಿಂದ ಕುಳಿಗೆ ಕೋಲನ್ನು ಬರೀ ಸೋಕಿಸಬೇಕು, ಎಡ ಹೆಬ್ಬೆರಳಿನ ತುದಿಯಲ್ಲಿ ಉಸಿರು ಹಿಡಿದು. ಒಂದು ಎಳೆ ಹೆಚ್ಚಾದರೂ ಚೆಂಡು ನಿಲ್ಲುವುದಿಲ್ಲ.

ಶನಿವಾರದ ಗೆಳೆಯರ ಆಟದಲ್ಲಿ ಒಂದು ರೂಢಿಯಿದೆ. ಚೆಂಡು ಕುಳಿಯ ಹತ್ತಿರ ಬಂದರೆ ಎದುರಿನವರು ಓಕೆ ಎನ್ನುತ್ತಾರೆ. ಓಕೆ ಎಂದರೆ ಒಳಗೆ ಹೋದ ಲೆಕ್ಕ, ಎತ್ತಿಕೊಳ್ಳಬಹುದು. ಪಂದ್ಯದಲ್ಲಿ ಅದು ನಡೆಯುವುದಿಲ್ಲ. ಆದರೆ ಭಾನುಪ್ರಕಾಶ್ ಸೋಲನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುವ ಹುಮ್ಮಸ್ಸಿನಲ್ಲಿ, ಜಗುಲಿಯವರಿಗೂ ಕೇಳುವಂತೆ, "ಓಕೆ ವಸಂತ್! ಎರಡ್ ಸಲ ಹೊಡುದ್ರೂ ನೀವೇ ವಿನ್ನು. ಎತ್ಕೊಳ್ಳಿ, ಎತ್ಕೊಳ್ಳಿ," ಎಂದ. ವಸಂತ್ ಬಗ್ಗಿದ. ಅವನ ಮುಖದಲ್ಲಿ ಕಾಣಿಸಿದ್ದು ಗೆಲುವಲ್ಲ, ಪಾರಾದೆ ಎಂಬ ನಿರಾಳ.

"ಬೇಡ ರೀ," ಎಂದಳು ನೀಲಾಂಬಿಕಾ. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಇವತ್ತು ಕಾಂಪಿಟಿಷನ್ನು. ಒಳಗೆ ಹಾಕ್ಲೇಬೇಕು, ಆಮೇಲೆ ಯಾರೂ ಮಾತಾಡ್ಬಾರ್ದು. ಹೊಡೀರಿ. ಸುಲಭದ್ದೇ ಅಲ್ವಾ?"

ವಸಂತ್ ಬಗ್ಗಿದ್ದವನು ನೆಟ್ಟಗಾದ. ಅವನು ಚೆಂಡಿನ ಮೇಲೆ ನಿಂತ, ಬಿಟ್ಟು ದೂರ ಸರಿದ, ಗವಸನ್ನು ಕಳಚಿ ಜೇಬಿಗೆ ತುರುಕಿದ, ಮತ್ತೆ ನಿಂತ. ಬಿಸಿಲಿನಲ್ಲಿ ಆ ಹೆಬ್ಬೆರಳು ಬೆತ್ತಲೆಯಾಗಿ ಎಲ್ಲರ ಎದುರು ಕೋಲಿನ ಮೇಲೆ ಕುಣಿಯುತ್ತಿತ್ತು. ಅವನು ಹೊಡೆದ. ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಮುಂದೆ ಹೋಯಿತು, ಮೊದಲು ಮೆಲ್ಲಗೆ, ಇನ್ನೇನು ನಿಂತೇಬಿಡುತ್ತದೆ ಎನ್ನುವಂತೆ, ಆಮೇಲೆ ಇಳಿಜಾರು ಸಿಕ್ಕಿ ಬೇಗಬೇಗನೆ. ಕೆರೆಗೆ ಬಿದ್ದಾಗ ಸದ್ದೂ ಸರಿಯಾಗಿ ಕೇಳಿಸಲಿಲ್ಲ. ಜಗುಲಿಯಲ್ಲಿ ಒಬ್ಬರು ಅಯ್ಯೋ ಎಂದರು, ಒಬ್ಬರು ಕಿಸಕ್ಕೆಂದು ನಕ್ಕು ಸುಮ್ಮನಾದರು. ನೀರಿಗೆ ಬಿದ್ದದ್ದಕ್ಕೆ ದಂಡ, ದಡದಿಂದ ಅವಳ ಏಟು, ಮತ್ತೆ ಅವನದು; ಅಷ್ಟು ಹೊತ್ತಿಗೆ ನೋಡುವವರು ದೋಸೆಯ ಕಡೆ ತಿರುಗಿದ್ದರು. ಬಹುಮಾನ ಕೊಡುವಾಗ ಭಾನುಪ್ರಕಾಶ್ ಮತ್ತು ಶಾಂಭವಿ ಕಪ್ ಹಿಡಿದು ನಿಂತರು, ಎಲ್ಲರೂ ಚಪ್ಪಾಳೆ ತಟ್ಟಿದರು, ವಸಂತನೂ ತಟ್ಟಿದ. ನೀಲಾಂಬಿಕಾ ಅವನ ಕೈಗಳನ್ನೇ ನೋಡುತ್ತಿದ್ದಳು. ಇದಕ್ಕಾಗಿಯೇ ಅವಳು ಮಳೆಗಾಲವೆಲ್ಲ ಕಾದದ್ದು. ಹೊಟ್ಟೆ ತುಂಬಾ ಉಂಡ ಹಾಗಾಯಿತು.

ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತ, ಆ ಸೋಲನ್ನು ಚಪ್ಪರಿಸುತ್ತ ಕೂತಿದ್ದಳು. ಜಿಗಣಿಯ ಹತ್ತಿರ ಗ್ರಾನೈಟ್ ಲಾರಿಗಳ ಹಿಂದೆ ಕಾರು ನಿಧಾನವಾದಾಗ ಅವನು ಮಾತು ತೆಗೆದ. "ನಿನ್ ಮೇಲೆ ಸಿಟ್ಟಿಲ್ಲ ನೀಲಾ. ಆದ್ರೆ ನೋಡು, ಕೊನೇದನ್ನ ನೀನು ಕುಳಿಗಿಂತ ಕೆಳಗೆ ಹಾಕ್ಬೇಕಿತ್ತು. ಮೇಲೆ ಹಾಕಿದ್ರೆ ಇಳಿಜಾರಲ್ಲಿ ಯಾರಿಗಾದ್ರೂ ಕಷ್ಟವೇ. ಅದೆಲ್ಲ ನಿಂಗೆ ಗೊತ್ತಾಗಲ್ಲ, ಹೇಳ್ಕೊಡ್ತೀನಿ." ಅವಳು ಅವನ ಕಡೆ ತಿರುಗಿದಳು. ತಾನು ಇಷ್ಟು ದಿನ ಕಾದಿದ್ದ ಬಾಗಿಲು ತಾನಾಗಿ ತೆರೆದುಕೊಂಡಿತ್ತು.

"ಗೊತ್ತಿತ್ತು," ಎಂದಳು. "ಅದಕ್ಕೇ ಮೇಲೆ ಹಾಕ್ದೆ."

"ಏನು?"

"ಬೇಕಂತ್ಲೇ ಹಾಕ್ದೆ ರೀ. ಅದೊಂದೇ ಅಲ್ಲ. ಬೆಳಿಗ್ಗೆ ಮೊದಲ್ನೇದ್ರಿಂದ ಎಲ್ಲಾನೂ ಬೇಕಂತ್ಲೇ. ನಿಮ್ಗೆ ಎಲ್ಲಿಂದ ಹೊಡೆಯಕ್ಕಾಗಲ್ವೋ ಅಲ್ಲಿಗೇ ಹಾಕ್ದೆ."

ವಸಂತ್ ಅವಳನ್ನು ನೋಡಿದ. ಆಮೇಲೆ ನಕ್ಕ. ಅಣಕದ ನಗುವಲ್ಲ; ಬೆಳಗಿನಿಂದ ಮೊದಲ ಸಲ ಅವನ ಮೈ ಸಡಿಲವಾದದ್ದು ಆ ನಗುವಿನಲ್ಲೇ. "ಅಯ್ಯೋ ಪಾಪ. ಸೋತಿದ್ದಕ್ಕೆ ಹಿಂಗೆಲ್ಲಾ ಕಥೆ ಕಟ್ಬೇಡ. ಅಷ್ಟು ಕರೆಕ್ಟಾಗಿ ಹಾಕೋಕೆ ನಿಂಗೆಲ್ಲಿ ಬರತ್ತೆ? ಕೋಲು ಚೆನ್ನಾಗಿದೆ, ಲಕ್ಕಿತ್ತು, ಹೋಯ್ತು. ನಾನ್ ಬೈತೀನಾ? ಬಿಡು," ಎಂದು ಅವಳ ಮಂಡಿಯನ್ನು ತಟ್ಟಿದ. ಅವನಿಗೆ ನಿಜಕ್ಕೂ ನಂಬಿಕೆ ಬಂದಿರಲಿಲ್ಲ. ಅವಳು ಅವನನ್ನು ಬೀಳಿಸಿದಳು ಎನ್ನುವುದಕ್ಕಿಂತ ಮೊದಲು, ಅವಳಿಗೆ ಬೀಳಿಸಲು ಬರುತ್ತದೆ ಎಂದು ಒಪ್ಪಬೇಕಿತ್ತು. ಅದು ಅವನ ತಲೆಯೊಳಗೆ ಹೋಗುವ ಅಳತೆಯಲ್ಲೇ ಇರಲಿಲ್ಲ. ಅವಳ ಮಳೆಗಾಲ, ಲಾರಿ ಟೈರು, ಒಂದೊಂದು ಅರ್ಧ ಏಟು, ಎಲ್ಲ ಲಕ್ಕು. ಹೋಟೆಲಿನ ಆ ಊಟದ ದಿನವೂ ಅವಳಿಗೆ ಇಷ್ಟು ಅವಮಾನವಾಗಿರಲಿಲ್ಲ.

"ಫ್ಯಾಕ್ಟರಿ ಕಡೆ ತಿರುಗ್ಸಿ," ಎಂದಳು. "ಇವತ್ತು ಭಾನುವಾರ ಕಣೇ," ಎಂದ ವಸಂತ್. "ತಿರುಗ್ಸಿ ರೀ." ಅವಳ ದನಿಗೋ ಏನೋ, ತಿರುಗಿಸಿದ. ಕಾವಲುಗಾರ ಭರಮಪ್ಪ ಬನಿಯನ್ನಿನಲ್ಲೇ ಓಡಿಬಂದು ಗೇಟು ತೆಗೆದ. ಅವಳು ಇಳಿದು, ತನ್ನೂರು ರಾಣೆಬೆನ್ನೂರಿನ ಮಾತಿನಲ್ಲಿ, "ಒಳಗ ಯಾರರ ಅದಾರೇನು ಭರಮಪ್ಪ?" ಎಂದು ಕೇಳಿದಳು. "ಯಾರೂ ಇಲ್ರಿ ಅಕ್ಕಾರ, ನಾನೊಬ್ಬಾವನ," ಎಂದ. ಗೇಟಿನಿಂದ ಕಟ್ಟಡದವರೆಗೆ ಖಾಲಿ ಜಾಗ, ಅಲ್ಲಲ್ಲಿ ಹುಲ್ಲು. ಮೊದಲ ಮಹಡಿಯಲ್ಲಿ ಸಾಲಾಗಿ ನಾಲ್ಕು ದೊಡ್ಡ ಗಾಜು, ಮಧ್ಯಾಹ್ನದ ಬಿಸಿಲಿಗೆ ಉರಿಯುತ್ತಿದ್ದವು. ಅದೇ ಹೊಸ ಗೇಜ್ ರೂಮು. ಬಂದವರಿಗೆ ಕೆಳಗಿನಿಂದಲೇ ಕಾಣಬೇಕೆಂದು ವಸಂತ್ ಗಾಜು ಹಾಕಿಸಿದ್ದ. ಗೇಜ್ ರೂಮಿಗೆ ಪಡುವಣ ಬಿಸಿಲು ಬೀಳಬಾರದು, ಬಿಸಿಗೆ ಉಕ್ಕು ಹಿಗ್ಗಿ ಅಳತೆಯೆಲ್ಲ ಸುಳ್ಳಾಗುತ್ತದೆ ಎಂದು ಅವಳು ನಕ್ಷೆಯ ಕಾಲದಲ್ಲೇ ಹೇಳಿದ್ದಳು. ಅವನು ಹ್ಞೂಂ ಎಂದಿದ್ದ, ಕೇಳಿಸಿಕೊಂಡಿರಲಿಲ್ಲ.

ಅವಳು ಡಿಕ್ಕಿಯಿಂದ ಹೈಬ್ರಿಡ್ ತೆಗೆದು, ಜೇಬಿನ ಚೆಂಡೊಂದನ್ನು ಹುಲ್ಲಿನ ಮೇಲಿಟ್ಟಳು. "ಯಾವ್ ಗಾಜು ಹೇಳಿ."

"ಹುಚ್ಚು ಗಿಚ್ಚು ಹಿಡೀತಾ ನಿಂಗೆ?"

"ಲಕ್ ತಾನೆ? ಹೇಳಿ, ಯಾವ್ದು?"

ಅವನು ಭರಮಪ್ಪನನ್ನು ನೋಡಿ ಕಣ್ಣು ಮಿಟುಕಿಸಿದ, ನಕ್ಕ. "ಸರಿಯಮ್ಮ. ಎಡಗಡೆಯಿಂದ ಎರಡ್ನೇದು. ಅಲ್ಲೀ ತನಕ ಹೋದ್ರೆ ಸಾಕು." ಎಂದಿನಂತೆ ಅವಳ ಬೆನ್ನ ಹಿಂದೆ ಬಂದು ನಿಂತ. ಅವಳು ಕೋಲನ್ನು ಎದೆಯವರೆಗೆ ಎತ್ತಿದಳು. "ತಲೆ ಕೆಳ..." ಎನ್ನುವಷ್ಟರಲ್ಲಿ ಚೆಂಡು ಹೋಗಿತ್ತು. ಎಡಗಡೆಯಿಂದ ಎರಡನೆಯ ಗಾಜು ಒಂದು ಕ್ಷಣ ಹಾಗೇ ನಿಂತಿತ್ತು, ನಡುವೆ ಒಂದು ಕಪ್ಪು ತೂತು ಬಿದ್ದು. ಆಮೇಲೆ ಇಡಿಯಾಗಿ ಸುರಿಯಿತು.

"ಸಾಹೇಬ್ರ! ಗಾಜು ಒಡೀತಲ್ರೀ!" ಎಂದು ಭರಮಪ್ಪ ಆ ಕಡೆ ಓಡಿದ. ವಸಂತ್ ಅಲುಗಲಿಲ್ಲ. ಅವನ ಕಣ್ಣು ಗಾಜಿನ ಮೇಲಿತ್ತು, ಆದರೆ ಅವನು ನೋಡುತ್ತಿದ್ದದ್ದು ಬೆಳಗನ್ನು ಎಂದು ಅವಳಿಗೆ ಗೊತ್ತಾಯಿತು. ಮೊದಲ ಕುಳಿಯ ಮರಳು, ಎರಡನೆಯದರ ನುಣ್ಣನೆಯ ಹುಲ್ಲು, ಪ್ರತಿ ಸಲದ ಗುಡ್ ಶಾಟ್, ಕೊನೆಯ ಇಳಿಜಾರು. ಒಂದೊಂದಾಗಿ ಅವನ ಮುಖದ ಮೇಲೆ ಬಂದು ಹೋಗುತ್ತಿದ್ದವು. ಈಗ ತಲುಪಿತು ಎಂದುಕೊಂಡಳು. ಈಗ ನಿಜವಾಗಿ ತಲುಪಿತು. ಅವಳಿಗೆ ಕೂಗಿ ನಗಬೇಕೆನ್ನಿಸಿತು.

"ಬೆರಳಿಂದು ಗೊತ್ತಿದ್ದೂ..." ಎಂದ ವಸಂತ್.

"ಗೊತ್ತಿದ್ದೇ," ಎಂದಳು.

ಅವಳು ಇನ್ನೊಂದು ಚೆಂಡನ್ನು ಹುಲ್ಲಿನ ಮೇಲಿಟ್ಟು, ಮೂರನೆಯದೋ ನಾಲ್ಕನೆಯದೋ ಎಂದು ಕೇಳಲು ತಿರುಗಿದಳು. ಅವನು ಬೆನ್ನ ಹಿಂದೆ ಇರಲಿಲ್ಲ. ಕಾರಿನ ಹತ್ತಿರ ಸರಿದು, ಅವಳಿಗೆ ಬೀಸಲು ಬೇಕಾದಷ್ಟು ಜಾಗ ಬಿಟ್ಟು ನಿಂತಿದ್ದ. ಅವಳು ತನ್ನ ಕಡೆ ನೋಡುತ್ತಿರುವುದನ್ನು ಕಂಡು ಅವನು ಎಡಗೈಯನ್ನು ಮೆಲ್ಲಗೆ ಜೇಬಿನೊಳಗೆ ಹಾಕಿಕೊಂಡ.